ಛತ್ರಿ ಅಂಗಡಿಯ ಪೈಪುಗಳು

ಜೂನ್ ತಿಂಗಳ ಎರಡನೆಯ ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ನಿನ್ನೆ ಬೆಳಗಿನಿಂದ ಬಿದ್ದ ಮಳೆ ಒಂದು ಇಂಚು ಹದಿನೈದು ಸೆಂಟ್. ತೋಟದ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಇಂಚು. ಮಳೆಯನ್ನು ಮೊದಲು ಬರೆಯದೆ ಬೇರೆ ಏನನ್ನೂ ಬರೆಯಲು ನನಗೆ ಕೈ ಬರುವುದಿಲ್ಲ. ನನ್ನ ಈ ಅಭ್ಯಾಸವನ್ನು ಕಂಡು ಎಲ್ಲರಿಗಿಂತ ಹೆಚ್ಚು ನಕ್ಕವರ ಬಗ್ಗೆಯೇ ಈ ಬರಹ. ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಮೂಡಿಗೆರೆ ಹತ್ತಿರದ ನಮ್ಮ ಬಣಕಲ್ಲಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಎಲ್ಲರಿಗೂ ಅವರು ಛತ್ರಿ ಅಂಗಡಿ ಯಜಮಾನರು.

ನಾನು ಕಡೂರು ಕಡೆಯವಳು. ದೇವರಮನೆ ರಸ್ತೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ದಿನದ ಮಳೆ, ಇವು ನನ್ನ ಪಾಲಿನ ಲೆಕ್ಕ. ನಾಲ್ಕು ವರ್ಷದಿಂದ ಯಜಮಾನರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ರಸ್ತೆಗೆ ಮುಖ ಮಾಡಿದ ಅಂಗಡಿ: ಛತ್ರಿ, ರೇನ್‌ಕೋಟು, ಗಂಬೂಟು, ಕಂಬಳಿ. ಅಂಗಡಿಯ ಹಿಂದೆ ಅವರ ಮನೆ. ಮನೆಯ ಹಿಂಬದಿಯ ಜಗಲಿಯಲ್ಲಿ ಒಂದು ಡ್ರಿಲ್ ಮಷಿನ್, ಮರ ಕಚ್ಚಿ ಹಿಡಿಯಲು ಬೆಂಚಿಗೆ ಬಿಗಿದ ಒಂದು ವೈಸು, ಸಾಲಾಗಿ ನೇತುಹಾಕಿದ ಅರಗಳು. ಅಲ್ಲಿ ಅವರು ತಂಬಾಕು ಸೇದುವ ಮರದ ಪೈಪುಗಳನ್ನು ಮಾಡುತ್ತಿದ್ದರು.

ಹಣೆಯ ತುಂಬ ಮೂರು ಪಟ್ಟೆ ವಿಭೂತಿ. ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ಎಲೆಯಡಿಕೆಗೂ ಹೊಗೆಸೊಪ್ಪು ಬೇಡ ಎನ್ನುವವರು. ಸಿಗರೇಟು ಹಚ್ಚಿಕೊಂಡು ಅಂಗಡಿಗೆ ಬಂದವರನ್ನು "ಹೊರಗೆ ಮುಗ್ಸಿ ಬನ್ನಿ, ಕಂಬ್ಳಿ ವಾಸನೆ ಹಿಡೀತವೆ" ಎಂದು ಮೆಟ್ಟಿಲ ಮೇಲೆಯೇ ನಿಲ್ಲಿಸುತ್ತಿದ್ದರು. ಅಂಥವರಿಗೆ ಈ ಕಸುಬು ಹೇಗೆ ಅಂಟಿತು ಎಂದರೆ, ಒಂದು ಕಟ್ಟು ಗಂಬೂಟಿನಿಂದ.

ನಾನು ಕೆಲಸ ಮಾಡುವ ತೋಟದ ಗೌಡರು ಯಜಮಾನರ ಪ್ರೈಮರಿ ಶಾಲೆಯ ಗೆಳೆಯರು. ಗೌಡರ ಬಾಯಲ್ಲಿ ಯಾವಾಗಲೂ ಪೈಪು. ಪರದೇಶದಿಂದ ಯಾರೋ ತಂದುಕೊಟ್ಟ ಅದನ್ನು ಒಂದು ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ಅವರು ಫೋನಿಗೆ ಹೋಗಿದ್ದರಂತೆ. ಯಜಮಾನರು ಅಟ್ಟದಿಂದ ಗಂಬೂಟಿನ ಕಟ್ಟನ್ನು ಇಳಿಸುವಾಗ ಅದು ಕೈ ಜಾರಿ ಪೈಪಿನ ಮೇಲೆಯೇ ಬಿತ್ತು. ಗೌಡರು ಎರಡು ತುಂಡನ್ನೂ ಕೈಯಲ್ಲಿ ಹಿಡಿದು, "ಲೋ, ಇದು ನನ್ನ ಹೆಂಡ್ತಿಗಿಂತ ಹೆಚ್ಚು ದಿನ ನನ್ನ ಜೊತೆ ಇತ್ತು" ಎಂದರಂತೆ. ಯಜಮಾನರು, "ಒಂದು ತಿಂಗ್ಳು ತಡ್ಕೋ. ಇದಕ್ಕಿಂತ ಒಳ್ಳೇದು ನಾನೇ ಮಾಡ್ಕೊಡ್ತೀನಿ" ಎಂದುಬಿಟ್ಟರು. ಹಾಗೆನ್ನುವ ಹೊತ್ತಿಗೆ ಅವರು ಮರದಲ್ಲಿ ಒಂದು ಸ್ಟೂಲನ್ನೂ ಮಾಡಿದವರಲ್ಲ.

ಒಂದು ತಿಂಗಳು ನಾಲ್ಕೈದು ವರ್ಷವಾಯಿತು. ಹಲಸಿನ ಮರದ್ದು ಬಿಸಿಗೆ ಸೀಳಿತು. ಬೀಟೆಯದ್ದು ಸೇದಿ ಗೌಡರು ಸಂಜೆಯವರೆಗೆ ಸೀನಿದರು. ಕೊನೆಗೆ ಗೌಡರ ತೋಟದಲ್ಲೇ, ಬೋರರ್ ಹುಳ ಹಿಡಿದು ಕಿತ್ತುಹಾಕಿದ ಅಜ್ಜನ ಕಾಲದ ಕಾಫಿ ಗಿಡಗಳ ಬೊಡ್ಡೆ ರಾಶಿ ಬಿದ್ದಿತ್ತು. ಗಟ್ಟಿ ಮರ, ಸಣ್ಣ ಎಳೆ. ಇದೇ ಸರಿ ಎಂದು ಯಜಮಾನರಿಗೆ ಅನ್ನಿಸಿತು. ಆಮೇಲೆ ಅವರು ಮಾಡಿದ ತಪ್ಪು ಕಾಫಿ ಸೀಮೆಯವರಷ್ಟೇ ಮಾಡಬಲ್ಲ ತಪ್ಪು. ಹಣ್ಣಿನ ಸಿಪ್ಪೆ ಸುಲಿದು ಪಲ್ಪ್ ಮಾಡಿ, ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು ಒಣಗಿಸಿದರೆ ತಾನೇ ಕಾಫಿಗೆ ರುಚಿ? ಹಾಗಿದ್ದ ಮೇಲೆ ಅದೇ ಗಿಡದ ಮರಕ್ಕೂ ಅದೇ ಆಗಬೇಕು ಎಂದುಕೊಂಡು, ಬೊಡ್ಡೆಗಳನ್ನು ಗೌಡರ ಪಲ್ಪಿಂಗ್ ತೊಟ್ಟಿಯಲ್ಲಿ ಪಾರ್ಚ್‌ಮೆಂಟಿನ, ಅಂದರೆ ಸಿಪ್ಪೆ ಸುಲಿದ ಕಾಫಿ ಬೀಜದ, ಜೊತೆ ಮುಳುಗಿಸಿಟ್ಟರು. ಕಣದಲ್ಲಿ ಹರವಿ, ಕಾಫಿಯ ಜೊತೆ ದಿನಕ್ಕೆರಡು ಸಲ ತಿರುವಿಹಾಕಿಸಿದರು. ಆ ಮರದಿಂದಾದ ಪೈಪನ್ನು ಗೌಡರು ಒಮ್ಮೆ ಎಳೆದು ಕಣ್ಣು ಮುಚ್ಚಿ ಕೂತರಂತೆ.

"ಹೆಂಗಿದೆ?"

"ಹೊಗೆ ಇನ್ನೂ ಬಂದಿಲ್ಲ ಮಾರಾಯ. ಹುಳಿ ಮಜ್ಜಿಗೆ ಬರ್ತಾ ಇದೆ."

ಆಮೇಲೆ ದಾರಿ ಸಿಕ್ಕಿತು. ಬೊಡ್ಡೆಯನ್ನು ನೀರಿನಲ್ಲಿ ಕುದಿಸಿ ಅದರ ಕಹಿ ತೆಗೆದು, ಅಟ್ಟದ ಮೇಲೆ ಎರಡು ವರ್ಷ ಒಣಗಲು ಬಿಡಬೇಕು. ಕುದಿಸುವ ಜಾಗ ಬಚ್ಚಲಿನ ಹಂಡೆ. ನಾನು ಬಾಡಿಗೆಗೆ ಬಂದ ಮೊದಲ ವಾರ ಸ್ನಾನಕ್ಕೆ ಬಿಸಿನೀರು ತೋಡಿಕೊಂಡರೆ ನೀರು ಡಿಕಾಕ್ಷನ್ ಬಣ್ಣದ್ದಾಗಿತ್ತು. ಕೂಗಿಕೊಂಡೆ. ಯಜಮಾನರ ಹೆಂಡತಿ, ನಾನು ಅಮ್ಮ ಎಂದು ಕರೆಯುವವರು, ಹೊರಗಿನಿಂದಲೇ, "ಸುಮ್ನೆ ಹುಯ್ಕೊಳ್ಳೇ. ನಾನು ಅದ್ರಲ್ಲೇ ಮೀಯ್ತಾ ಇದ್ದೀನಿ, ಇನ್ನೂ ಬೇರು ಬಿಟ್ಟಿಲ್ಲ" ಎಂದರು.

ಪೈಪಿಗೆ ಅಮ್ಮ ಎಂದೂ ಪೈಪು ಎಂದವರಲ್ಲ. ಚಿಲುಮೆ ಎನ್ನುತ್ತಿದ್ದರು. ಜಗಲಿಗೆ ಚಿಲುಮೆ ಕಾರ್ಖಾನೆ. ಅವರ ದೊಡ್ಡ ದೂರು ಮಜ್ಜಿಗೆಯದು. ಹೊಸ ಪೈಪಿನ ಒಳಮೈ ಬೆಂಕಿಗೆ ಸುಡದಿರಲೆಂದು ಯಜಮಾನರು ಇದ್ದಿಲಿನ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಅದರೊಳಗೆ ಬಳಿಯುತ್ತಿದ್ದರು. ಬಳಿದ ಮೇಲೆ ತೂತು ಕಟ್ಟಿಕೊಂಡಿದೆಯೇ ಎಂದು ಬಾಯಿಟ್ಟು ಊದುತ್ತಿದ್ದರು, ಎಳೆಯುತ್ತಿದ್ದರು. ಮಸಿ ಮೆತ್ತಿದ ಅದೇ ಬಾಯಲ್ಲಿ ಅಂಗಡಿಗೆ ಬರುತ್ತಿದ್ದರು.

"ಮೇಲೆ ನೋಡಿದ್ರೆ ಶಿವ, ಕೆಳಗೆ ನೋಡಿದ್ರೆ ಒಲೆ" ಎಂದು ಅಮ್ಮ ಗಿರಾಕಿಗಳ ಎದುರೇ ಹೇಳುತ್ತಿದ್ದರು. "ಬಾಯಿ ಒರೆಸ್ಕೊಂಡು ಛತ್ರಿ ಮಾರಿ."

ಮಾಡಿದ ಪ್ರತಿ ಪೈಪಿನ ಅಡಿಯಲ್ಲಿ ಅವರು ಮೂರು ಸಣ್ಣ ಅಡ್ಡಗೆರೆ ಕೊರೆಯುತ್ತಿದ್ದರು, ವಿಭೂತಿಯ ಹಾಗೆ. ಅಮ್ಮನಿಗೆ ಅದಂತೂ ಸೇರುತ್ತಿರಲಿಲ್ಲ. "ದೇವರ ಗುರುತು ಹೋಗಿ ಹೋಗಿ ಚಿಲುಮೆಗಾ?" ಎಂದರೆ, "ಗುರುತು ಅಡಿಯಲ್ಲಿದೆ, ಹೊಗೆ ಮೇಲೆ ಹೋಗತ್ತೆ. ಎರಡೂ ಸೇರಲ್ಲ ಬಿಡೇ" ಎನ್ನುತ್ತಿದ್ದರು.

ನನ್ನ ಮೇಲಂತೂ ದಿನಾ ಬೆಳಗ್ಗೆ ಒಂದು ಬಾಣ ಇರುತ್ತಿತ್ತು. ಹಿತ್ತಲಿನ ಮಳೆಮಾಪಕ ನೋಡಿ ನಾನು ಬಸ್ಸಿಗೆ ಹೋಗುವಾಗ ಅವರು ಶಟರ್ ಎತ್ತುತ್ತಾ ಕೇಳುವರು:

"ಎಷ್ಟು ಬಿತ್ತೇ ಮಾರಾಯ್ತಿ?"

"ಎಂಬತ್ತು ಸೆಂಟ್, ಯಜಮಾನ್ರೇ."

"ಸರಿಯಾಗಿ ನೋಡ್ದೆಯಾ? ಎಪ್ಪತ್ತೊಂಬತ್ತು ಇದ್ರೆ ಛತ್ರಿ ರೇಟು ಇಳಿಸ್ಬೇಕು ನಾನು."

ಲೆಕ್ಕದ ಹುಚ್ಚು ನನಗೊಬ್ಬಳಿಗೇ ಎನ್ನುವಂತೆ ನಗುತ್ತಿದ್ದವರಿಗೆ ತಮ್ಮದೇ ಒಂದು ಹುಚ್ಚಿತ್ತು. ಅದು ತೂತಿನದು. ಪೈಪಿಗೆ ಎರಡು ತೂತು. ತಂಬಾಕು ತುಂಬುವ ಬಟ್ಟಲಿನದು ಮೇಲಿನಿಂದ ಕೆಳಕ್ಕೆ. ಹೊಗೆ ಎಳೆಯುವುದು ಕತ್ತಿನೊಳಗಿಂದ ಅಡ್ಡಕ್ಕೆ. ಮರದ ಒಳಗೆ, ಕಣ್ಣಿಗೆ ಕಾಣದ ಕಡೆ, ಈ ಅಡ್ಡ ತೂತು ಹೋಗಿ ಬಟ್ಟಲಿನ ತಳದ ಸರಿ ನಡುವೆ ತೆರೆದುಕೊಳ್ಳಬೇಕು. "ಮೇಲೆ ತೆರ್ಕೊಂಡ್ರೆ ತಳದಲ್ಲಿ ನೀರು ನಿಲ್ಲತ್ತೆ. ಪಕ್ಕಕ್ಕೆ ತೆರ್ಕೊಂಡ್ರೆ ಹೊಗೆ ಸಿಟ್ಟಾಗತ್ತೆ" ಎನ್ನುತ್ತಿದ್ದರು. ಹೊಗೆಯ ಸಿಟ್ಟನ್ನು ಎಂದೂ ಸವಿಯದವರ ಬಾಯಲ್ಲಿ ಈ ಮಾತು ಕೇಳಲು ಚೆನ್ನಾಗಿರುತ್ತಿತ್ತು.

ವಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಛತ್ರಿ ಕೊಳ್ಳಲು ಬಂದವರ ಕೈಗೆ ಪೈಪು ಕೊಟ್ಟು, ಮೂತಿಯ ಕಡೆಯಿಂದ ಒಂದು ಪೊರಕೆ ಕಡ್ಡಿ ತೂರಿಸಿ, "ಎಲ್ಲಿ ಬಂತು ತುದಿ? ನೋಡಿ ಹೇಳಿ. ಅಲ್ಲ, ನೋಡಿ ಹೇಳಿ" ಎನ್ನುವರು. ತುದಿ ಬಟ್ಟಲಿನ ತಳದ ನಡುಮಧ್ಯಕ್ಕೆ ಬಂದಿರುತ್ತಿತ್ತು. "ನಡುವೆ ಬಂತು" ಎಂದು ಗಿರಾಕಿ ಒಪ್ಪುವವರೆಗೆ ಛತ್ರಿ ಕೈಗೆ ಸಿಗುತ್ತಿರಲಿಲ್ಲ. ಹೀಗೆ ಕಳಸದ ಬಸ್ಸು ತಪ್ಪಿಸಿಕೊಂಡವರು ನನಗೆ ಗೊತ್ತಿರುವಂತೆ ಮೂವರು.

ಇಷ್ಟು ಹೆಮ್ಮೆಯ ಸಾಮಾನನ್ನು ಮಾರುವುದರಲ್ಲಿ ಮಾತ್ರ ಅವರಷ್ಟು ಕೆಟ್ಟ ವ್ಯಾಪಾರಿ ಇನ್ನೊಬ್ಬರಿರಲಿಲ್ಲ. ಮೊದಲೇ ಪೈಪು ಸೇದುವವರಿಗೆ ಬಿಟ್ಟು ಬೇರೆಯವರಿಗೆ ಕೊಡುತ್ತಿರಲಿಲ್ಲ. ಹೋಮ್‌ಸ್ಟೇಗೆ ಬಂದ ಹುಡುಗನೊಬ್ಬ ಕೇಳಿದ್ದ.

"ಸೇದ್ತೀರಾ?"

"ಇಲ್ಲ ಅಂಕಲ್, ಫೋಟೋಗೆ."

"ಫೋಟೋಗೆ ಬಾಳೆಹಣ್ಣು ಇಟ್ಕೊಳ್ಳಿ. ಆಮೇಲೆ ತಿನ್ನಬಹುದು."

ಇನ್ನೊಬ್ಬ, "ಕಲೀಬೇಕು ಅಂತ ಆಸೆ" ಎಂದಿದ್ದಕ್ಕೆ, "ಕಲಿಯಕ್ಕೆ ಬೇರೆ ಯಾವ ವಿದ್ಯೆನೂ ಸಿಗ್ಲಿಲ್ವಾ?" ಎಂದು ಗಂಬೂಟು ಮಾರಿ ಕಳಿಸಿದ್ದರು. "ಸೇದೋರು ಸೇದ್ಲಿ, ಹೊಸಬ್ರನ್ನ ನಾನು ಹುಟ್ಸಲ್ಲ" ಎಂಬುದು ಅವರ ನೇಮ. ಈ ನೇಮದಿಂದಾಗಿ ಒಡೆದದ್ದು, ಹುಳಿ ಹಿಡಿದದ್ದು ಬಿಟ್ಟು ಲೆಕ್ಕಕ್ಕೆ ಬರುವ ಪೈಪುಗಳು ಒಟ್ಟು ಮೂವತ್ತೊಂದೇ. ಅದರಲ್ಲಿ ಎಂಟು ಗೌಡರ ಬಳಿಯೇ ಇದ್ದವು.

ಎರಡು ವರ್ಷದ ಹಿಂದೆ ಅವರ ಜೀವನದ ದೊಡ್ಡ ಆರ್ಡರು ಬಂತು. ಚಿಕ್ಕಮಗಳೂರಿನಲ್ಲಿ ಕಾಫಿಯ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಗೌಡರ ಪೈಪು ಸೇದಿ ನೋಡಿ, ತಮಗೆ ಏಳು ಬೇಕೆಂದರು. ಪೈಪಿನ ಮರ್ಮ ತಿಳಿದವರು ಒಂದನ್ನೇ ದಿನವೂ ಸೇದುವುದಿಲ್ಲವಂತೆ. ಒಂದು ದಿನ ಸೇದಿದರೆ ಮರ ಆರಲು ಬಿಡಬೇಕು. ಹಾಗಾಗಿ ವಾರಕ್ಕೆ ಏಳು. ನಾಲಿಗೆಯಿಂದಲೇ ಬದುಕಿದ ಮನುಷ್ಯ ತಮ್ಮ ಮರವನ್ನು ಮೆಚ್ಚಿದ್ದು ಯಜಮಾನರಿಗೆ ನೆತ್ತಿಗೇರಿತು. ಮೂಡಿಗೆರೆ ಸಂತೆಗೆ ಹೋದಾಗಲೂ ಇದೇ ಮಾತು.

"ಸೋಮವಾರದ್ದು ಸಣ್ಣದು ಮಾಡ್ತೀನಿ. ಉಪವಾಸದ ದಿನ" ಎಂದು ನನಗೆ ಪೆನ್ಸಿಲ್ ಚಿತ್ರ ತೋರಿಸಿದರು. "ಭಾನುವಾರದ್ದು ನೋಡು, ದೊಡ್ಡ ಹೊಟ್ಟೆ. ಅವತ್ತು ಅವ್ರ ಮನೇಲಿ ಕೋಳಿ."

ಕೋಳಿ ತಿನ್ನದವರು ಕೋಳಿಯೂಟದ ಮೇಲಿನ ಪೈಪನ್ನೂ ಯೋಚಿಸಿದ್ದರು. ಹೋದ ವರ್ಷದ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ಮುಗಿದು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು.

ಆಗ ಗೌಡರಿಗೆ ಉಸಿರಿನ ತೊಂದರೆ ಶುರುವಾಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಬಂದರು. ಇನ್ನು ಒಂದು ಎಳೆತ ಎಳೆದರೂ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತೋಟವನ್ನು ಈಗ ನೋಡಿಕೊಳ್ಳುವುದು ಗೌಡರ ಮಗಳು. ನನಗೆ ಕೆಲಸ ಹೇಳುವವರೂ ಅವರೇ. ಅಪ್ಪನ ಎಂಟು ಪೈಪುಗಳನ್ನೂ ಅವರು ಒಂದು ಪಾರ್ಚ್‌ಮೆಂಟ್ ಚೀಲಕ್ಕೆ ಹಾಕಿ ಸ್ಟೋರಿನಲ್ಲಿಟ್ಟು ಬೀಗ ಹಾಕಿದರು. ಗೌಡರು ಕೈ ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದರು. ಆಫೀಸಿಗೆ ಬಂದರೆ ನನ್ನ ಪೆನ್ನು ಬಾಯಿಗೆ ಹೋಗುತ್ತಿತ್ತು. ಛತ್ರಿ ಅಂಗಡಿಗೆ ಬಂದರೆ ಛತ್ರಿಗೆ ಕಟ್ಟಿದ ಬೆಲೆಯ ಚೀಟಿ. ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವರು ಕೇಳಿದ್ದನ್ನು ನಾನು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡೆ.

"ಒಂದು ಮಾಡ್ಕೊಡೋ. ಮಗಳಿಗೆ ಗೊತ್ತಾಗೋದು ಬೇಡ."

"ಡಾಕ್ಟ್ರು ಏನಂದ್ರು ನಿಂಗೆ?"

"ಡಾಕ್ಟ್ರು ನನ್ನ ಜೊತೆ ಸ್ಲೇಟು ಹಿಡ್ಕೊಂಡು ಶಾಲೆಗೆ ಬಂದಿದ್ನಾ? ನೀನು ಬಂದಿದ್ದೆ. ಕೊಡದಿದ್ರೆ ಹೇಳ್ಬಿಡು, ಇನ್ನು ನಿನ್ನ ಮೆಟ್ಲು ಹತ್ತಲ್ಲ."

ಮಾರನೆಯ ದಿನವೇ ಮಗಳು ಜೀಪು ನಿಲ್ಲಿಸಿ ಇಳಿದರು. ಅಪ್ಪನ ಬುದ್ಧಿ ಅವರಿಗೆ ಗೊತ್ತಿತ್ತು.

"ಅಂಕಲ್, ಸಣ್ಣವಳು ದೊಡ್ಡ ಮಾತಾಡ್ತೀನಿ ಅಂದ್ಕೋಬೇಡಿ. ಅಪ್ಪನ ಬಾಯಲ್ಲಿ ನೀವು ಮಾಡಿದ ಪೈಪಲ್ಲಿ ಹೊಗೆ ಬಂದಿದ್ದು ನೋಡಿದ್ರೆ, ನಮ್ಮನೆ ಕಡೆ ನೀವು ಬರಬೇಡಿ."

ಯಜಮಾನರು ಅವರಿಗೂ "ಆಯ್ತಮ್ಮ" ಎಂದರು. ಹಿಂದಿನ ದಿನ ಗೌಡರಿಗೂ "ಆಯ್ತು ಮಾರಾಯ" ಎಂದಿದ್ದರು.

ಆ ವಾರ ಅವರು ಒಬ್ಬ ಮೇಸ್ತ್ರಿಗೆ ಎರಡೂ ಎಡಗಾಲಿನ ಗಂಬೂಟು ಕಟ್ಟಿಕೊಟ್ಟರು. ಪೈಪು ಕೊಟ್ಟರೆ ಗೆಳೆಯನ ಉಸಿರು ಹೋಗುತ್ತದೆ, ಕೊಡದಿದ್ದರೆ ಗೆಳೆಯನೇ ಹೋಗುತ್ತಾನೆ. ಅಮ್ಮ ತಟ್ಟೆಗೆ ರೊಟ್ಟಿ ಹಾಕಿ, "ತಿಂದು ಯೋಚ್ನೆ ಮಾಡಿ. ಹಸಿದು ಯೋಚ್ನೆ ಮಾಡಿದ್ರೆ ಗಂಬೂಟು ಎಲ್ಲಾ ಎಡಗಾಲಿಂದೇ ಆಗತ್ತೆ" ಎಂದರು.

ಭಾನುವಾರ ಮಧ್ಯಾಹ್ನ ಒಣಗಲು ಹಾಕಿದ ಬಟ್ಟೆ ತರಲು ಹಿಂಬದಿಗೆ ಹೋದೆ. ಯಜಮಾನರು ಡ್ರಿಲ್ಲಿನ ಮುಂದಿದ್ದರು. ಬೊಡ್ಡೆ ತುಂಬ ಚೆಂದದ್ದು, ಬೆಂಕಿಯ ನಾಲಿಗೆಯಂತೆ ಎಳೆಗಳಿದ್ದವು. ಇದನ್ನು ಅವರು ಭಾನುವಾರದ ಪೈಪಿಗೆಂದು ತೆಗೆದಿಟ್ಟಿದ್ದರು. ಬಟ್ಟಲು ಕೊರೆದಾಗಿತ್ತು. ಕತ್ತಿನ ತೂತಿಗೆ ಡ್ರಿಲ್ಲಿನ ಕೊರೆಯುವ ಮೊಳೆ ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಅವರು ಯಾವಾಗಲೂ ಒಂದು ಬಿಳಿ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದರು. ಪಟ್ಟಿ ಮರಕ್ಕೆ ತಾಗಿದರೆ ನಿಲ್ಲಿಸಬೇಕು. ಮರದ ಮೇಲಿನ ಪೆನ್ಸಿಲ್ ಗೆರೆಗೆ ಮೊಳೆ ಹಿಡಿದು ನೋಡಿದರೆ ಪಟ್ಟಿ ತಪ್ಪು ಕಡೆ ಇತ್ತು.

"ಯಜಮಾನ್ರೇ, ಪಟ್ಟಿ ಮುಂದೆ ಬಂದಿದೆ. ತೂತು ಬಟ್ಟಲಿಗೆ ಮುಟ್ಟಲ್ಲ."

"ಹೌದಾ?"

"ಒಂದು ಅಕ್ಕಿಕಾಳಿನಷ್ಟು ಕಡಿಮೆ ಆಗತ್ತೆ."

"ಒಂದೂವರೆ ಕಾಳು" ಎಂದರು. "ನೀನು ಹೋಗಿ ಮಳೆ ಬರ್ಕೋ."

"ಮಳೆ ಬಂದಿಲ್ಲ."

"ಹಂಗಾದ್ರೆ ಮಳೆ ಬಂದಿಲ್ಲ ಅಂತ ಬರ್ಕೋ. ಬೇರೆ ಏನೂ ಬರೀಬೇಡ."

ಡ್ರಿಲ್ ತಿರುಗಿತು. ಪಟ್ಟಿ ಮರಕ್ಕೆ ತಾಗಿದ ಕೂಡಲೇ ನಿಂತಿತು.

ಹದಿನೈದು ದಿನದ ಮೇಲೆ ಗೌಡರ ಕೈಗೆ ಪೈಪು ಬಂತು. ಅಷ್ಟು ಚೆಂದದ್ದನ್ನು ಯಜಮಾನರು ಅದಕ್ಕೆ ಮೊದಲು ಮಾಡಿರಲಿಲ್ಲ. ಗೌಡರು ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಬಾಯಿಗಿಟ್ಟುಕೊಂಡು, ಖಾಲಿ ಪೈಪನ್ನೇ ಒಮ್ಮೆ ಎಳೆದರು. ಇನ್ನೊಮ್ಮೆ ಎಳೆದರು. ಕೆನ್ನೆ ಒಳಕ್ಕೆ ಹೋಯಿತೇ ಹೊರತು ಗಾಳಿ ಬರಲಿಲ್ಲ. ಯಜಮಾನರ ಮುಖವನ್ನು ನೋಡಿದರು. ಯಜಮಾನರು ರೇನ್‌ಕೋಟು ಮಡಿಸುತ್ತಿದ್ದರು.

"ಲೋ. ಇದ್ರಲ್ಲಿ ಗಾಳಿನೇ ಹೋಗ್ತಿಲ್ಲ."

"ಹೌದಾ? ಕೊಡಿಲ್ಲಿ." ಪೊರಕೆ ಕಡ್ಡಿ ತೂರಿಸಿದರು. ತುದಿ ಕಾಣಿಸಲಿಲ್ಲ. "ಸೇರಿಲ್ಲ ಮಾರಾಯ. ಕಣ್ಣು ಮಂಜಾಗಿದೆ ಅನ್ಸತ್ತೆ ನಂಗೆ. ಮುಂದಿನ ವಾರ ಸರಿ ಮಾಡ್ಕೊಡ್ತೀನಿ. ಇಟ್ಟು ಹೋಗು."

"ಇಟ್ಟು ಹೋಗ್ಬೇಕಾ? ಇದನ್ನ ಊರಿಗೆಲ್ಲಾ ತೋರಿಸ್ತೀನಿ!"

ತೋರಿಸಿದರು. ಪೈಪು ಬಾಯಲ್ಲಿಟ್ಟುಕೊಂಡೇ ಬಣಕಲ್ಲಿನ ಹೋಟೆಲು, ಸೊಸೈಟಿ, ಗ್ಯಾರೇಜು ಸುತ್ತಿದರು. "ತೂತು ತೂತು ಅಂತ ನಮ್ಮ ತಲೆ ತಿಂದ್ನಲ್ಲ, ನೋಡಿ ಅವನ ತೂತು!" ಎನ್ನುವರು. ಕಡ್ಡಿ ಪರೀಕ್ಷೆಯಲ್ಲಿ ಬಸ್ಸು ತಪ್ಪಿಸಿಕೊಂಡವರಿಗೆಲ್ಲ ಹಬ್ಬವಾಯಿತು. ಛತ್ರಿ ಬಿಚ್ಚಿ ಆಕಾಶಕ್ಕೆ ಹಿಡಿದು, "ಯಜಮಾನ್ರೇ, ತೂತು ಇಲ್ಲಿ ಬಂದಿದೆ ನೋಡಿ" ಎನ್ನುವವರೂ ಬಂದರು. ಯಜಮಾನರು, "ಏನ್ಮಾಡ್ಲಿ, ವಯಸ್ಸಾಯ್ತು" ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. ಹೊಗಳಿಕೆಯನ್ನು ಕೇಳಿ ಪಡೆಯುತ್ತಿದ್ದವರು ಕೇಳದೆ ಬಂದ ಗೇಲಿಯನ್ನು ಹಾಗೇ ಇಟ್ಟುಕೊಂಡರು.

ಮಗಳಿಗೆ ಸುದ್ದಿ ಮುಟ್ಟಿತು. ಅವರು ಅಂಗಡಿಗೆ ನುಗ್ಗಿದಾಗ ಗೌಡರೂ ಅಲ್ಲೇ ಸ್ಟೂಲಿನ ಮೇಲೆ ಪೈಪು ಕಚ್ಚಿಕೊಂಡು ಕೂತಿದ್ದರು.

"ಅಂಕಲ್, ನಿಮಗೆ ನಾನು ಏನು ಹೇಳಿದ್ದೆ?"

ಗೌಡರ ಮುಂದೆ ನಿಜ ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಯಜಮಾನರು ಛತ್ರಿಗಳ ಕಡೆ ತಿರುಗಿದರು. ಅವರ ಪರವಾಗಿ ವಕೀಲಿಕೆಗೆ ಇಳಿದವರು ಗೌಡರೇ.

"ಅವನನ್ನ ಯಾಕೆ ಬೈತೀಯಾ? ಹೊಗೆ ಎಲ್ಲಿಂದ ಬರತ್ತೆ ಇದ್ರಲ್ಲಿ? ನಿಮ್ಮ ಅಂಕಲ್‌ಗೆ ಕಣ್ಣು ಕಾಣಲ್ಲ. ತಗೋ, ನೀನೇ ಎಳೆದು ನೋಡು."

ಮಗಳು ಪೈಪು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಎಳೆದರು. ಬರಲಿಲ್ಲ. ಊದಿದರು. ಹೋಗಲಿಲ್ಲ. ಯಜಮಾನರ ಕಡೆ ತಿರುಗಿದರು. ಯಜಮಾನರು ತೂಗುಹಾಕಿದ ಛತ್ರಿಗಳನ್ನು ಎಣಿಸುತ್ತಿದ್ದರು. ಆಕೆ ಪೈಪನ್ನು ಅಪ್ಪನ ಕೈಗೆ ವಾಪಸ್ಸು ಕೊಟ್ಟರು. "ಆಂಟೀ, ಒಂದು ಕಾಫಿ ಕೊಡ್ತೀರಾ?" ಎಂದು ಒಳಗೆ ಕೂಗಿ ಕಂಬಳಿ ರಾಶಿಯ ಮೇಲೆ ಕೂತರು. ಆ ವರ್ಷ ತೋಟದ ಆಳುಗಳಿಗೆಲ್ಲ ಗಂಬೂಟು ಈ ಅಂಗಡಿಯಿಂದಲೇ ಹೋಯಿತು.

ಪೈಪನ್ನು ಸರಿ ಮಾಡುವ ಆ ಮುಂದಿನ ವಾರ ಬರಲೇ ಇಲ್ಲ. ಗೌಡರು ಕೇಳುತ್ತಿದ್ದರು, ಯಜಮಾನರು ಮುಂದೂಡುತ್ತಿದ್ದರು. ಪೈಪು ಮಾತ್ರ ಬಾಯಲ್ಲೇ ಇರುತ್ತಿತ್ತು. ನನ್ನ ಪೆನ್ನು ಉಳಿಯಿತು. ಊಟವೂ ಸೇರಿತು.

ಇದೆಲ್ಲ ನಗುವಿನಲ್ಲೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಒಂದು ದಿನ ಯಜಮಾನರು ಚಿಕ್ಕಮಗಳೂರಿಗೆ ಫೋನು ಹಚ್ಚಿ, "ಸಾರ್, ಕಣ್ಣು ಸರಿ ಇಲ್ಲ. ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೊಳ್ಳಿ" ಎಂದರು. ಏಳು ಪೈಪಿನ ಆರ್ಡರನ್ನು ತಾವಾಗಿ ಬಿಟ್ಟರು. ನಾನು ಕೆಳಗಿಳಿದು ಬಂದು ಕೇಳಿದೆ.

"ಉಳಿದಿದ್ದು ಮೂರು. ಗುಟ್ಟಾಗಿ ಮಾಡಿ ಕಳಿಸಿ ಯಜಮಾನ್ರೇ. ನಾನೇ ಕೊಟ್ಟು ಬರ್ತೀನಿ."

"ಚಿಕ್ಕಮಗಳೂರಲ್ಲಿ ಒಳ್ಳೇ ಪೈಪು ಅಂತ ಹೆಸರಾದ್ರೆ ಆ ಸುದ್ದಿ ಬಣಕಲ್ಲಿಗೆ ಬರಕ್ಕೆ ಒಂದು ಬಸ್ಸು ಸಾಕು. ಆಮೇಲೆ ಅವನು ಬಂದು ಕೇಳ್ತಾನೆ. ಅವ್ರಿಗೆ ತೂತು ಸೇರ್ತು, ನಂಗ್ಯಾಕೋ ಸೇರ್ಲಿಲ್ಲ ಅಂತ. ಏನು ಹೇಳ್ಲಿ?"

ನಾನು ಕಪಾಟಿನಲ್ಲಿದ್ದ ನಾಲ್ಕು ಪೈಪುಗಳ ಕಡೆ ನೋಡಿದೆ.

"ಕಣ್ಣು ಹೋದವನು ಕಣ್ಣು ಹೋದವನ ಹಂಗೇ ಇರ್ಬೇಕು ಮಾರಾಯ್ತಿ" ಎಂದು ಡ್ರಿಲ್ಲಿಗೆ ಒಂದು ಹರಕು ರೇನ್‌ಕೋಟು ಹೊದಿಸಿದರು. ಅಟ್ಟದ ಮೇಲೆ ಉಳಿದ ಬೊಡ್ಡೆಗಳಲ್ಲಿ ಛತ್ರಿಯ ಹಿಡಿಗಳನ್ನು ಮಾಡಲು ಶುರು ಮಾಡಿದರು. ತೂತು ಬೇಡದ ಕೆಲಸ. ಚೆನ್ನಾಗಿಯೇ ಇದ್ದವು. ಆದರೆ ಯಾವ ಗಿರಾಕಿಯ ಕೈಗೂ ಕೊಟ್ಟು "ನೋಡಿ ಹೇಳಿ" ಎನ್ನಲಿಲ್ಲ. ಅವರು ತೀರಿಕೊಳ್ಳುವವರೆಗೆ, ಅಂದರೆ ಹೋದ ತಿಂಗಳವರೆಗೆ, ಒಂದು ಪೈಪನ್ನೂ ಮುಟ್ಟಲಿಲ್ಲ. ಎದೆನೋವೆಂದು ಮಲಗಿದವರು ಆಸ್ಪತ್ರೆಯ ದಾರಿಯಲ್ಲೇ ಹೋದರು.

ಶಿವಗಣಾರಾಧನೆಯ ದಿನ ಗೌಡರು ಪೈಪು ಕಚ್ಚಿಕೊಂಡೇ ಬಂದರು. ಊಟಕ್ಕೆ ಮಾತ್ರ ತೆಗೆದು ಎಲೆಯ ಪಕ್ಕದಲ್ಲಿಟ್ಟುಕೊಂಡರು. ಊಟವಾದ ಮೇಲೆ ಹಿಂದಿನ ಜಗಲಿಗೆ ಬಂದು ರೇನ್‌ಕೋಟು ಹೊದ್ದ ಡ್ರಿಲ್ಲಿನ ಪಕ್ಕ ಕೂತರು. ನಾನು ಲೋಟಗಳನ್ನು ಎತ್ತಿಡುತ್ತಿದ್ದೆ.

"ನಮ್ಮ ತೋಟದಲ್ಲಿ ಡ್ರಿಲ್ ಮಷಿನ್ ಎಷ್ಟಿದೆ?" ಎಂದು ಕೇಳಿದರು.

"ವರ್ಕ್‌ಶಾಪಲ್ಲಿ ಎರಡು, ಪ್ಲಂಬಿಂಗ್‌ನವರ ಹತ್ರ ಒಂದು."

"ಮೂರು. ಇದನ್ನ ಕೊರೆಯಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ತಿ?"

ನಾನು ಲೋಟ ಕೆಳಗಿಟ್ಟೆ. "ನಿಮಗೆ ಗೊತ್ತಿತ್ತಾ?"

"ಬಾಯಿಗಿಟ್ಟ ದಿನಾನೇ. ಮೂವತ್ತು ಪೈಪಲ್ಲಿ ಒಂದೂ ತಪ್ಪದವನು ನಂದ್ರಲ್ಲೇ ತಪ್ತಾನಾ? ಅದೂ ಅಂಥ ಮರದಲ್ಲಿ? ಗೊತ್ತಾಯ್ತು ಅಂತ ಹೇಳಿದ್ರೆ ಅವನಿಗೆ ಮುಖ ಎತ್ತಕ್ಕಾಗಲ್ಲ ಅಂತ ಬೈಕೊಂಡು ಓಡಾಡ್ದೆ. ಚೆನ್ನಾಗೇ ಬೈದೆ." ಸ್ವಲ್ಪ ನಕ್ಕರು. "ಆದ್ರೆ ಆ ಏಳರ ಆರ್ಡರು ಯಾಕೆ ಬಿಟ್ನೋ ಅದೊಂದು ಗೊತ್ತಾಗ್ಲಿಲ್ಲ. ನಿಜವಾಗ್ಲೂ ಕಣ್ಣು ಹೋಗಿತ್ತಾ ಅವನಿಗೆ?"

ನಾನು ಹೇಳಿದೆ, ಯಜಮಾನರು ಹೇಳಿದ ಮಾತಿನಲ್ಲೇ. ಗೌಡರು ಪೈಪನ್ನು ಬಾಯಿಂದ ತೆಗೆದರು. ಡ್ರಿಲ್ಲಿನಿಂದ ಜಾರಿದ್ದ ರೇನ್‌ಕೋಟನ್ನು ಎಳೆದು ಸರಿಯಾಗಿ ಹೊದಿಸಿದರು.

"ಹಂಗಾದ್ರೆ ನಾನು ಹೇಳ್ಬೇಕಿತ್ತು" ಎಂದರು. "ಗೊತ್ತಾಗಿದೆ ಕಣೋ, ನಿನ್ನ ಕೆಲ್ಸ ನೀನು ಮಾಡ್ಕೋ ಅಂತ ಒಂದು ಮಾತು."

ಎದ್ದು ಹೋಗುವಾಗ ತಿರುಗಿ ನಿಂತರು. "ದಿನಾ ಏನೋ ಬರೀತಿರ್ತೀಯಲ್ಲ. ಇದನ್ನ ಬರಿ. ಅವನ ಹೆಸರು ಬೇಡ, ನಂದೂ ಬೇಡ. ಕೈ ಸರಿ ಇತ್ತು ಅಂತ ಬರಿ."

ಅದಕ್ಕೇ ಬರೆದೆ. ಕಪಾಟಿನಲ್ಲಿದ್ದ ನಾಲ್ಕು ಪೈಪುಗಳನ್ನು ಅಮ್ಮ ಚಿಕ್ಕಮಗಳೂರಿಗೆ ಕಳಿಸಿಕೊಟ್ಟಿದ್ದಾರೆ. "ಸೋಮವಾರದಿಂದ ಗುರುವಾರದ ತನಕ ಸೇದ್ಲಿ. ಆಮೇಲೆ ಮೂರು ದಿನ ಬಿಡ್ಲಿ, ಅವ್ರಿಗೂ ಒಳ್ಳೇದು" ಎಂದು ಹೇಳಿ ಕಳಿಸಿದರು. ಗೌಡರ ಎಂಟು ಪೈಪುಗಳು ಸ್ಟೋರಿನ ಬೀಗದೊಳಗಿವೆ. ಒಂಬತ್ತನೆಯದು ಅವರ ಬಾಯಲ್ಲಿದೆ. ಅದನ್ನು ನಾನು ತಪ್ಪಿದವುಗಳ ಲೆಕ್ಕಕ್ಕೆ ಸೇರಿಸಿಲ್ಲ. ಉಳಿದ ಹದಿನೆಂಟರಲ್ಲಿ ಏಳು ಯಾರ ಬಳಿ ಇವೆಯೆಂದು ಪತ್ತೆಯಾಗಿದೆ, ಹನ್ನೊಂದು ಆಗಿಲ್ಲ.

ಇದನ್ನು ಓದುವವರಲ್ಲಿ ಯಾರ ಬಳಿಯಾದರೂ ಕಾಫಿ ಬೊಡ್ಡೆಯ, ಅಡಿಯಲ್ಲಿ ಮೂರು ಅಡ್ಡಗೆರೆಯ ಪೈಪು ಇದ್ದರೆ, ದಯವಿಟ್ಟು ಮೂತಿಯಿಂದ ಒಂದು ಪೊರಕೆ ಕಡ್ಡಿ ತೂರಿಸಿ ನೋಡಿ, ತುದಿ ಎಲ್ಲಿ ಬಂತು ಎಂದು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಬಂದ ಪತ್ರಗಳನ್ನು ಬಣಕಲ್ಲಿನ ಹೋಟೆಲಿನಲ್ಲಿ, ಸೊಸೈಟಿಯಲ್ಲಿ, ಗ್ಯಾರೇಜಿನಲ್ಲಿ ನಿಂತು ಗಟ್ಟಿಯಾಗಿ ಓದುವ ಕೆಲಸವನ್ನು ಗೌಡರು ತಾವೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದಾರೆ.